ಕಂಸನ ಕ್ರೌರ್ಯವೂ ಕೋರಿರೊಟ್ಟಿಯ ಗರಿಗರಿಯೂ: ಹಗುರವಾದ ವಾದಗಳು ನಡೆಯುವ ಬಗೆ

ಕಂಸ ಹೆಚ್ಚು ಕ್ರೂರಿಯೋ, ಕೀಚಕ ಹೆಚ್ಚು ಕ್ರೂರಿಯೋ? ಕೋರಿರೊಟ್ಟಿಯ, ಅಂದರೆ ಕೋಳಿಯ ಗಸಿಯೊಡನೆ (ಮಸಾಲೆ ಸಾರಿನೊಡನೆ) ತಿನ್ನುವ ಕರಾವಳಿಯ ತಿನಿಸಿನ, ಒಣರೊಟ್ಟಿಯನ್ನು ಗಸಿಯಲ್ಲಿ ಪೂರ್ತಿ ನೆನೆಯಲು ಬಿಟ್ಟು ತಿನ್ನಬೇಕೋ, ಗರಿಗರಿಯಾಗಿರುವಾಗಲೇ ತಿಂದು ಮುಗಿಸಬೇಕೋ? ಮೊದಲನೆಯದು ಹಸುಗೂಸುಗಳ ಕೊಲೆಗೂ ಹೆಣ್ಣಿನ ಮೇಲಿನ ದೌರ್ಜನ್ಯಕ್ಕೂ ಸಂಬಂಧಿಸಿದ ಪ್ರಶ್ನೆ. ಎರಡನೆಯದು ಊಟದ ತಟ್ಟೆಯ ಪ್ರಶ್ನೆ. ಆದರೂ ಮಂಗಳೂರು, ಉಡುಪಿ ಕಡೆಯ ಗೆಳೆಯರ ಬಳಗದಲ್ಲಿ, ಅದು ಹೋಟೆಲಿನ ಮೇಜಿನ ಸುತ್ತ ಕೂತಿರಲಿ, ಮೊಬೈಲಿನಲ್ಲೇ ಸೇರಿರಲಿ, ಈ ಎರಡೂ ಪ್ರಶ್ನೆಗಳು ಒಂದೇ ಸಂಜೆ, ಅಷ್ಟೇ ಬಿಸಿಯಾಗಿ, ಅಷ್ಟೇ ನಗುವಿನ ನಡುವೆ ಚರ್ಚೆಯಾಗುತ್ತವೆ. ಜಗತ್ತಿನ ಅತಿ ಘೋರವಾದದ್ದನ್ನೂ ಅತಿ ಕ್ಷುಲ್ಲಕವಾದದ್ದನ್ನೂ ಮನುಷ್ಯರು ಹೀಗೆ ಒಂದೇ ಉತ್ಸಾಹದಿಂದ ವಾದಕ್ಕೆ ಎತ್ತಿಕೊಳ್ಳುವುದೇಕೆ ಎಂಬುದನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಎರಡಕ್ಕೂ ಸಮಾನವಾದ ಒಂದು ಗುಣವಿದೆ: ವಾದ ಯಾವ ಕಡೆಗೆ ತೀರ್ಮಾನವಾದರೂ ಯಾರಿಗೂ ನಷ್ಟವಿಲ್ಲ. ಕೀಚಕನೇ ಹೆಚ್ಚು ಕ್ರೂರಿ ಎಂದು ಎಲ್ಲರೂ ಒಪ್ಪಿದ ಮಾತ್ರಕ್ಕೆ ಕಂಸನ ಶಿಕ್ಷೆ ಕಡಿಮೆಯಾಗುವುದಿಲ್ಲ. ನೆನೆದ ರೊಟ್ಟಿಯೇ ರುಚಿ ಎಂದು ತೀರ್ಪು ಬಂದರೂ ಗರಿಗರಿ ರೊಟ್ಟಿ ತಿನ್ನುವವರನ್ನು ಯಾರೂ ತಡೆಯುವುದಿಲ್ಲ. ಆಸ್ತಿ, ಮದುವೆ, ಚುನಾವಣೆಗಳ ಬಗ್ಗೆ ಮಾತನಾಡುವಾಗ ನಾಳೆ ಆ ಮನುಷ್ಯನ ಮುಖ ನೋಡಬೇಕಲ್ಲ ಎಂದು ನಾಲಿಗೆಯನ್ನು ಬಿಗಿಹಿಡಿಯುವವರು ಇಲ್ಲಿ ಆ ಅಂಜಿಕೆಯಿಲ್ಲದೆ ಮಾತನಾಡಬಲ್ಲರು. ನಷ್ಟದ ಭಯ ಹೋದಲ್ಲಿ ವಾದದ ಕಸುಬು ಬೆಳೆಯುತ್ತದೆ. ಕರಾವಳಿಯವರಿಗೆ ಇದನ್ನು ತಿಳಿಸಿ ಹೇಳಬೇಕಾಗಿಲ್ಲ, ಏಕೆಂದರೆ ಖಳನ ಪರವಾಗಿ ವಾದಿಸುವುದನ್ನೇ ಒಂದು ಕಲೆಯಾಗಿ ಬೆಳೆಸಿದ ನೆಲ ಇದು.

ತಾಳಮದ್ದಳೆಯೆಂದರೆ ವೇಷವೂ ಕುಣಿತವೂ ಇಲ್ಲದ ಯಕ್ಷಗಾನ. ವೇದಿಕೆಯ ಮೇಲೆ ಭಾಗವತರು, ಚೆಂಡೆ ಮದ್ದಳೆಯವರು, ಅವರ ಇಕ್ಕೆಲಗಳಲ್ಲಿ ಪಂಚೆ ಶಲ್ಯದ ಸಾದಾ ಉಡುಪಿನಲ್ಲಿ ಎದುರುಬದುರಾಗಿ ಕುಳಿತ ಅರ್ಥಧಾರಿಗಳು. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಪದ್ಯ ಮುಗಿದ ಮೇಲೆ ಆ ಪಾತ್ರದ ಅರ್ಥಧಾರಿ ಅದನ್ನು ಮಾತಿನಲ್ಲಿ ವಿಸ್ತರಿಸುತ್ತಾರೆ. ಎದುರಿನವರು ಆ ಮಾತಿಗೆ ಅಲ್ಲಿಯೇ ಉತ್ತರ ಕೊಡುತ್ತಾರೆ. ಬರೆದಿಟ್ಟ ಸಂಭಾಷಣೆಯಿಲ್ಲ. ಪತ್ತನಾಜೆಗೆ, ಅಂದರೆ ತುಳು ತಿಂಗಳು ಬೇಶದ ಹತ್ತನೆಯ ದಿನ, ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದುದ್ದಕ್ಕೂ ದೇವಸ್ಥಾನಗಳ ಸಭಾಂಗಣಗಳಲ್ಲಿ ಇಂಥ ಕೂಟಗಳು, ಸಪ್ತಾಹಗಳು ನಡೆಯುತ್ತವೆ.

ಈ ಕಲೆಯ ನಿಯಮವೊಂದನ್ನು ಗಮನಿಸಿದರೆ ನಮ್ಮ ವಿಷಯ ಅರ್ಧ ಬಿಡಿಸಿದಂತೆ. ಅರ್ಥಧಾರಿ ಏನನ್ನಾದರೂ ವಾದಿಸಬಹುದು, ಆದರೆ ಪದ್ಯವನ್ನು ಮೀರುವಂತಿಲ್ಲ. ಕೃಷ್ಣ ಸಂಧಾನ ಪ್ರಸಂಗದಲ್ಲಿ ಕೌರವನ ಅರ್ಥಧಾರಿ ಎಷ್ಟೇ ಚತುರನಾಗಿರಲಿ, ಐದು ಊರುಗಳನ್ನು ಕೊಟ್ಟು ರಾಜಿಯಾಗುವಂತಿಲ್ಲ. ಕೃಷ್ಣನ ಅರ್ಥಧಾರಿ ಎಷ್ಟೇ ಪ್ರಭಾವಶಾಲಿಯಾಗಿರಲಿ, ಸಂಧಾನವನ್ನು ಗೆಲ್ಲಿಸುವಂತಿಲ್ಲ. ಕೊನೆ ಏನೆಂಬುದು ಸಭೆಯಲ್ಲಿ ಕುಳಿತ ಪ್ರತಿಯೊಬ್ಬನಿಗೂ ಮೊದಲೇ ಗೊತ್ತು. ಕೊನೆ ನಿಶ್ಚಿತವಾಗಿರುವುದರಿಂದಲೇ ಕಾರಣಗಳು ಸ್ವತಂತ್ರವಾಗುತ್ತವೆ. ಯುದ್ಧ ಆಗಿಯೇ ತೀರುತ್ತದೆ. ಹಾಗಿರುವಾಗ ಕೌರವನ ಬಾಯಲ್ಲಿ ನ್ಯಾಯದ ಮಾತು ಬಂದರೆ ಅದನ್ನು ತಲೆದೂಗಿ ಕೇಳಲು ಯಾರಿಗೂ ಅಡ್ಡಿಯಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿ, ರಾವಣ, ಮಾಗಧ (ಜರಾಸಂಧ) ಪಾತ್ರಗಳ ಅರ್ಥವನ್ನು ಕೇಳಲು ಜನ ಕಿಕ್ಕಿರಿದು ಸೇರುತ್ತಿದ್ದದ್ದು ಆ ಪಾತ್ರಗಳು ಗೆಲ್ಲುತ್ತವೆ ಎಂಬ ನಿರೀಕ್ಷೆಯಿಂದಲ್ಲ. ಸೋಲುವವನ ಬಳಿ ಇಷ್ಟು ಮಾತುಗಳಿದ್ದವೇ ಎಂಬ ಬೆರಗಿಗಾಗಿ.

ಅದೇ ಸಂಧಾನದ ಪ್ರಸಂಗದಲ್ಲಿ ಘೋರವಾದದ್ದೂ ಕ್ಷುಲ್ಲಕವಾದದ್ದೂ ಒಟ್ಟಿಗೆ ಕೂರುವ ಒಂದು ಸಂದರ್ಭವಿದೆ. ಹಸ್ತಿನಾವತಿಗೆ ಬಂದ ಕೃಷ್ಣ ಅರಮನೆಯ ಆತಿಥ್ಯವನ್ನು ಬಿಟ್ಟು ವಿದುರನ ಮನೆಯಲ್ಲಿ ಉಂಡದ್ದೇಕೆ ಎಂದು ಕೌರವ ಕೇಳುತ್ತಾನೆ. ರಾಜ್ಯದ ಅರ್ಧಭಾಗ, ಹದಿಮೂರು ವರ್ಷಗಳ ವನವಾಸ ಅಜ್ಞಾತವಾಸ, ಸಭೆಯಲ್ಲಿ ಹೆಣ್ಣಿನ ಸೀರೆಗೆ ಕೈಹಾಕಿದ ಪಾತಕ, ಇಷ್ಟೆಲ್ಲ ಎದುರಿಗಿರುವಾಗ ಊಟ ಎಲ್ಲಿ ಆಯಿತೆಂಬ ಚರ್ಚೆ ಸಾಕಷ್ಟು ಹೊತ್ತು ನಡೆಯುತ್ತದೆ, ಮತ್ತು ಯಾರಿಗೂ ಅದು ಹೊತ್ತು ಕಳೆದಂತೆ ಅನಿಸುವುದಿಲ್ಲ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಕೃಷ್ಣ ಕೊಡುವ ಉತ್ತರವೂ ನೇರವಾಗಿದೆ: ಪ್ರೀತಿಯಿದ್ದಲ್ಲಿ ಉಣ್ಣುತ್ತಾರೆ, ಇಲ್ಲವೇ ಆಪತ್ತಿನಲ್ಲಿದ್ದಾಗ ಉಣ್ಣುತ್ತಾರೆ, ನಿನಗೆ ನನ್ನ ಮೇಲೆ ಪ್ರೀತಿಯಿಲ್ಲ, ನಾನು ಆಪತ್ತಿನಲ್ಲಿಯೂ ಇಲ್ಲ. ಒಂದು ಹೊತ್ತಿನ ಊಟದ ವಿಚಾರದಲ್ಲಿ ಕೌರವನ ಇಡೀ ಸ್ವಭಾವ ಬಯಲಾಗುತ್ತದೆ. ಸಣ್ಣ ಸಂಗತಿಯ ಮೇಲಿನ ವಾದ ಸಣ್ಣದಾಗಿಯೇ ಉಳಿಯಬೇಕಾಗಿಲ್ಲ ಎಂಬುದನ್ನು ನಮ್ಮ ಅರ್ಥಧಾರಿಗಳು ಬಹಳ ಹಿಂದೆಯೇ ಕಂಡುಕೊಂಡಿದ್ದರು.

ಕ್ರೌರ್ಯವನ್ನು ನೋಡಿ ಆನಂದಪಡುವುದು ಹೇಗೆ ಸಾಧ್ಯ ಎಂಬ ಪ್ರಶ್ನೆ ಹೊಸದಲ್ಲ. ನೋಡಿದರೆ ನೋವಾಗುವ ವಸ್ತುಗಳ ನಿಖರವಾದ ಚಿತ್ರವನ್ನು ನೋಡುವಾಗ ನಮಗೆ ಸಂತೋಷವಾಗುತ್ತದೆ ಎಂದು ಅರಿಸ್ಟಾಟಲ್ ಹೇಳಿದ್ದಾನೆ. ಅವನು ಕೊಟ್ಟ ಉದಾಹರಣೆಗಳಲ್ಲಿ ಹೆಣಗಳೂ ಇವೆ. ಭರತನ ನಾಟ್ಯಶಾಸ್ತ್ರದ ಎಂಟು ರಸಗಳಲ್ಲಿ ರೌದ್ರ, ಭಯಾನಕ, ಬೀಭತ್ಸಗಳೂ ಸೇರಿವೆ. ಆನಂದದ ಪಟ್ಟಿಯಿಂದ ಅವುಗಳನ್ನು ಆತ ಹೊರಗಿಡಲಿಲ್ಲ. ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿದ್ದ ಅಭಿನವಗುಪ್ತ ಆ ಗ್ರಂಥಕ್ಕೆ ಬರೆದ ವ್ಯಾಖ್ಯಾನದಲ್ಲಿ, ಭಟ್ಟನಾಯಕ ಹೇಳಿದ್ದ ಸಾಧಾರಣೀಕರಣ ಎಂಬ ವಿಚಾರವನ್ನು ತನ್ನದೇ ರೀತಿಯಲ್ಲಿ ಬೆಳೆಸಿದ. ರಂಗದ ಮೇಲಿನ ಭಯ ‘ನನ್ನದು’ ಎಂಬ ಅಂಟನ್ನೂ ‘ನನ್ನ ಶತ್ರುವಿನದು’ ಎಂಬ ಅಂಟನ್ನೂ ಕಳಚಿಕೊಂಡು ಎಲ್ಲರಿಗೂ ಸೇರಿದ ಭಯವಾಗುತ್ತದೆ, ಆಗ ಅದನ್ನು ಸವಿಯಬಹುದು ಎಂಬುದು ಅದರ ಸಾರ.

ಈ ಮಾತು ಕಣ್ಣಿಗೆ ಕಾಣಬೇಕಾದರೆ ಶ್ರೀದೇವಿ ಮಹಾತ್ಮೆ ಯಕ್ಷಗಾನ ಆಟದ ಮಹಿಷಾಸುರನ ಪ್ರವೇಶವನ್ನು ನೋಡಬೇಕು. ಬಣ್ಣದ ವೇಷಧಾರಿ ಚೌಕಿಯಲ್ಲಿ, ಅಂದರೆ ವೇಷ ಕಟ್ಟಿಕೊಳ್ಳುವ ಜಾಗದಲ್ಲಿ, ಗಂಟೆಗಟ್ಟಲೆ ಕನ್ನಡಿಯ ಮುಂದೆ ಕುಳಿತು, ಅಕ್ಕಿಹಿಟ್ಟು ಸುಣ್ಣ ಬೆರೆಸಿದ ಚಿಟ್ಟಿಯನ್ನು ಮುಖದ ಮೇಲೆ ಒಂದೊಂದಾಗಿ ಇಟ್ಟು, ಅದು ಒಣಗಿದ ಮೇಲೆ ಇನ್ನೊಂದು ಸಾಲು ಇಡುತ್ತಾ, ತನ್ನ ಮುಖವನ್ನು ಮನುಷ್ಯನದಲ್ಲದ ಮುಖವಾಗಿ ಕಟ್ಟಿಕೊಂಡಿರುತ್ತಾನೆ. ಅವನು ರಂಗಸ್ಥಳಕ್ಕೆ ಚೌಕಿಯ ಕಡೆಯಿಂದ ಬರುವುದಿಲ್ಲ; ಸಭೆಯ ಹಿಂದಿನಿಂದ, ಉರಿಯುವ ದೊಂದಿಗಳ ನಡುವೆ, ಆರ್ಭಟಿಸುತ್ತಾ, ಕುಳಿತ ಜನರನ್ನು ಸೀಳಿಕೊಂಡು ಬರುತ್ತಾನೆ. ದೊಂದಿಗೆ ರಾಳದ ಪುಡಿ ಎರಚಿದಾಗ ಬೆಂಕಿ ಭಗ್ಗೆಂದು ಮೇಲೇಳುತ್ತದೆ. ಮಕ್ಕಳು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ, ಒಂದು ಕಣ್ಣನ್ನು ಮಾತ್ರ ಹೊರಗಿಟ್ಟಿರುತ್ತಾರೆ. ಆ ಒಂದು ಕಣ್ಣೇ ಈ ಇಡೀ ಶಾಸ್ತ್ರದ ಸಾಕ್ಷಿ. ಭಯ ನಿಜ, ಅಪಾಯ ನಿಜವಲ್ಲ, ಮತ್ತು ಈ ವ್ಯತ್ಯಾಸ ಐದು ವರ್ಷದ ಮಗುವಿಗೂ ಗೊತ್ತು. ಮರುದಿನ ಅದೇ ಮಕ್ಕಳು ಮಹಿಷಾಸುರ ದೊಡ್ಡವನೋ ರಕ್ತಬೀಜ ದೊಡ್ಡವನೋ ಎಂದು ಅಂಗಳದಲ್ಲಿ ಜಗಳವಾಡುತ್ತಾರೆ.

ಖಳರಿಗೆ ತಮ್ಮ ಚಿತ್ರಣದ ಬಗ್ಗೆ ತಕರಾರಿದ್ದ ಕಥೆಯೂ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿಯೇ ಇದೆ, ಮತ್ತು ಇಂಥ ಚರ್ಚೆಗಳನ್ನು ಪ್ರೀತಿಸುವವರೆಲ್ಲ ಅದನ್ನು ತಿಳಿದಿರಬೇಕೆಂದು ನನಗೆ ಅನಿಸುತ್ತದೆ. ಇಂದ್ರಧ್ವಜದ ಉತ್ಸವದಲ್ಲಿ ನಡೆದ ಮೊಟ್ಟಮೊದಲ ನಾಟಕದ ವಸ್ತು ದೇವತೆಗಳು ದೈತ್ಯರನ್ನು ಗೆದ್ದ ಕಥೆ. ನೋಡಲು ಬಂದಿದ್ದ ದೈತ್ಯರು ಸಿಟ್ಟಾದರು. ವಿರೂಪಾಕ್ಷನ ಮುಂದಾಳತ್ವದಲ್ಲಿ ವಿಘ್ನಗಳ ಜೊತೆ ಸೇರಿ ನಟರ ಮಾತು, ಚಲನೆ, ನೆನಪುಗಳನ್ನೇ ಕಟ್ಟಿಹಾಕಿದರು. ಕೊನೆಗೆ ಬ್ರಹ್ಮ ಅವರಿಗೆ ಸಮಾಧಾನ ಹೇಳಬೇಕಾಯಿತು: ನಾಟ್ಯದಲ್ಲಿ ನಿಮ್ಮೊಬ್ಬರ ಅಥವಾ ದೇವತೆಗಳೊಬ್ಬರ ಚಿತ್ರಣವಿಲ್ಲ, ಇದು ಮೂರು ಲೋಕಗಳ ಭಾವಗಳ ಅನುಕೀರ್ತನ. ಖಳನ ಮಾತಿಗೂ ಅಲ್ಲಿ ಕಿವಿಗೊಟ್ಟವರಿದ್ದರು. ಕನ್ನಡದ ಕವಿಗಳು ಆ ಮಾತನ್ನು ಇನ್ನಷ್ಟು ಮುಂದಕ್ಕೆ ಒಯ್ದರು. ಹತ್ತನೆಯ ಶತಮಾನದ ಕೊನೆಯ ಹೊತ್ತಿನ ರನ್ನನ ಕಾವ್ಯದಲ್ಲಿ ರಣರಂಗದ ಹೆಣಗಳ ನಡುವೆ ನಡೆದು, ಸತ್ತ ತಮ್ಮನಿಗಾಗಿ, ಸತ್ತ ಕರ್ಣನಿಗಾಗಿ ಅಳುವ ದುರ್ಯೋಧನನನ್ನು ಓದಿದವರು ಅವನನ್ನು ಬರಿಯ ದುಷ್ಟ ಎಂದು ಕರೆಯಲಾರರು. ನಾಗಚಂದ್ರನ ಜೈನ ರಾಮಾಯಣದ ರಾವಣ ಸೀತೆಯ ಸಂಕಟವನ್ನು ಕಂಡು ಪಶ್ಚಾತ್ತಾಪಪಡುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಹೇಡಿಯೆನ್ನುತ್ತಾರೆಂದು, ಯುದ್ಧದಲ್ಲಿ ಗೆದ್ದ ಮೇಲೆ ಸೀತೆಯನ್ನು ಒಪ್ಪಿಸುವ ನಿಶ್ಚಯ ಮಾಡುತ್ತಾನೆ.

ಇನ್ನು ಯಾರು ಹೆಚ್ಚು ಕ್ರೂರಿ ಎಂಬ ಅಳತೆಯ ವಿಚಾರ. ವಾದಕ್ಕಿಳಿದ ಯಾರೂ ಕೊಲೆಗಳ ಲೆಕ್ಕ ಹಾಕಿ ತೀರ್ಮಾನಿಸುವುದಿಲ್ಲ ಎಂಬುದು ಇಲ್ಲಿ ಮೊದಲು ಕಣ್ಣಿಗೆ ಬೀಳುವ ಸಂಗತಿ. ಲೆಕ್ಕವೇ ಮುಖ್ಯವಾಗಿದ್ದರೆ ದೇವತೆಗಳನ್ನು ಸ್ವರ್ಗದಿಂದಲೇ ಹೊರಗಟ್ಟಿ ಮೂರು ಲೋಕಗಳನ್ನು ನಡುಗಿಸಿದ ಮಹಿಷಾಸುರನ ಮುಂದೆ ಕೀಚಕ ಯಾವ ಲೆಕ್ಕ? ಕೀಚಕ ಕಾಡಿದ್ದು ಒಬ್ಬಳನ್ನು. ಆದರೆ ತುಂಬಿದ ಸಭೆಯಲ್ಲಿ ಸೈರಂಧ್ರಿಯನ್ನು ಅವನು ಕಾಲಿನಿಂದ ಒದೆಯುವಾಗ ವಿರಾಟರಾಜ ಏನೂ ಮಾಡಲಾಗದೆ ಕುಳಿತಿರುತ್ತಾನೆ, ಗಂಡಂದಿರು ಗುರುತು ಸಿಕ್ಕೀತೆಂದು ಹಲ್ಲು ಕಚ್ಚಿ ನಿಂತಿರುತ್ತಾರೆ. ಮಹಿಷಾಸುರನನ್ನು ನಾವು ಬೆರಗಿನಿಂದ ನೋಡುತ್ತೇವೆ, ಕೀಚಕನನ್ನು ಹಗೆಯಿಂದ. 1968ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಈ ಮನೋಧರ್ಮವನ್ನು ಗುರುತಿಸಿದರು: ಆರು ವರ್ಷದ ಹುಡುಗಿಯೊಬ್ಬಳ ಶಸ್ತ್ರಚಿಕಿತ್ಸೆಗೆ ಹಣ ಬೇಕೆಂದರೆ ಅಂಚೆಯಲ್ಲಿ ಚಿಲ್ಲರೆ ಕಾಸು ಹರಿದುಬರುತ್ತದೆ, ತೆರಿಗೆಯಿಲ್ಲದೆ ಆಸ್ಪತ್ರೆಗಳು ಹಾಳಾಗಿ ಅಲ್ಲೊಬ್ಬರು ಇಲ್ಲೊಬ್ಬರು ಸಾಯುತ್ತಾರೆಂದರೆ ಯಾರ ಕಣ್ಣೂ ಒದ್ದೆಯಾಗುವುದಿಲ್ಲ. ಗುರುತಿರುವ ಒಂದು ಮುಖ ಗುರುತಿಲ್ಲದ ಸಾವಿರ ಮುಖಗಳಿಗಿಂತ ಭಾರ. ಖಳರ ಅಳತೆಗೂ ಇದೇ ತೂಕದ ಕಲ್ಲು.

ಕಂಸನ ವಿಚಾರ ಇನ್ನೂ ಸೂಕ್ಷ್ಮ. ಭಾಗವತದ ಪ್ರಕಾರ ದೇವಕಿಯ ಮೊದಲ ಮಗುವನ್ನು ವಸುದೇವ ಕೊಟ್ಟ ಮಾತಿನಂತೆ ತಾನೇ ತಂದು ಒಪ್ಪಿಸಿದಾಗ ಕಂಸ ಆ ಸತ್ಯನಿಷ್ಠೆಗೆ ಮೆಚ್ಚಿ, ಭಯವಿರುವುದು ಎಂಟನೆಯದರಿಂದ ಮಾತ್ರ ಎಂದು ಹೇಳಿ ಮಗುವನ್ನು ಹಿಂದಕ್ಕೆ ಕಳುಹಿಸುತ್ತಾನೆ. ನಾರದ ಬಂದು ಹೋದ ಮೇಲೆ ಅವನ ಮನಸ್ಸು ಬದಲಾಗುತ್ತದೆ, ಸಂಹಾರ ಆರಂಭವಾಗುತ್ತದೆ. ಈ ಒಂದು ಗಳಿಗೆಯ ಕರುಣೆ ಅವನನ್ನು ಕಡಿಮೆ ಕ್ರೂರಿಯಾಗಿಸುತ್ತದೆಯೇ, ಹೆಚ್ಚು ಕ್ರೂರಿಯಾಗಿಸುತ್ತದೆಯೇ? ಹೆಚ್ಚು ಎಂಬುದೇ ನನ್ನ ಅಭಿಪ್ರಾಯ, ಏಕೆಂದರೆ ಬೇರೆ ದಾರಿ ಇದೆಯೆಂದು ಗೊತ್ತಿದ್ದೂ, ಆ ದಾರಿಯಲ್ಲಿ ಒಮ್ಮೆ ಹೆಜ್ಜೆಯಿಟ್ಟೂ, ಭಯಕ್ಕಾಗಿ ಹಿಂದಿರುಗಿದವನು ಅವನು. ಇದನ್ನು ಒಪ್ಪದವರು ಹೇಳುವ ಮಾತೂ ಬಲವಾಗಿದೆ: ಭಯದಿಂದ ಕೊಂದವನಿಗಿಂತ ಸುಖಕ್ಕಾಗಿ ಕಾಡಿದವನು ಕೀಳು, ಆದ್ದರಿಂದ ಕೀಚಕನೇ ಮುಂದು. ಅಶ್ವತ್ಥಾಮನ ಹೆಸರು ಈ ಪಟ್ಟಿಯಲ್ಲಿ ಬರುವುದೇ ಅಪರೂಪ ಎಂಬುದೂ ಯೋಚಿಸಬೇಕಾದ ಸಂಗತಿ. ರಾತ್ರಿ ಶಿಬಿರಕ್ಕೆ ನುಗ್ಗಿ, ಶಸ್ತ್ರದಿಂದಲಾದರೂ ಕೊಲ್ಲು ಎಂದು ಬೇಡಿದ ಧೃಷ್ಟದ್ಯುಮ್ನನನ್ನು ತುಳಿದೇ ಕೊಂದವನು, ದ್ರೌಪದಿಯ ಐವರು ಮಕ್ಕಳನ್ನು ಕಡಿದವನು, ಉತ್ತರೆಯ ಗರ್ಭದ ಮೇಲೂ ಅಸ್ತ್ರ ಬಿಟ್ಟವನು ಅವನು. ಆದರೆ ತಂದೆಯನ್ನು ಸುಳ್ಳು ಹೇಳಿ ಕೊಂದರೆಂಬ ನೋವು ಅವನ ಹಿಂದಿದೆ, ಮೂರು ಸಾವಿರ ವರ್ಷಗಳ ಅಲೆದಾಟದ ಶಾಪ ಅವನ ಮುಂದಿದೆ. ಕಾರಣವೂ ಶಿಕ್ಷೆಯೂ ಎದ್ದುಕಂಡಾಗ ಜನರ ಸಿಟ್ಟು ಇಳಿಯುತ್ತದೆ.

ಟಿವಿ ಧಾರಾವಾಹಿಗಳ ಖಳರ ಮೇಲಿನ ಸಿಟ್ಟಿಗೂ ಇಲ್ಲೇ ವಿವರಣೆಯಿದೆ. ಸೊಸೆ ಮಾಡಿಟ್ಟ ಪಾಯಸಕ್ಕೆ ಕದ್ದು ಒಂದು ಹಿಡಿ ಉಪ್ಪು ಸುರಿಯುವ ಅತ್ತೆಯನ್ನು ನೋಡಿದಾಗ ಮನೆಮಂದಿಗೆ ಬರುವ ಕೋಪ ಲಂಕೆಯ ಅಧಿಪತಿಯ ಮೇಲೆ ಎಂದೂ ಬರುವುದಿಲ್ಲ. ಪುಷ್ಪಕ ವಿಮಾನದಲ್ಲಿ ಯಾರೂ ನಮ್ಮನ್ನು ಹೊತ್ತೊಯ್ದಿಲ್ಲ. ಆದರೆ ನಾವು ಮಾಡಿದ ಕೆಲಸವನ್ನು ಬೇಕೆಂದೇ ಕೆಡಿಸಿ, ನಾಲ್ಕು ಜನರ ಮುಂದೆ ನಮ್ಮನ್ನು ಸಣ್ಣವರನ್ನಾಗಿಸಿದವರು ಪ್ರತಿಯೊಬ್ಬರ ನೆನಪಿನಲ್ಲಿಯೂ ಇದ್ದಾರೆ. ಆ ನೋವನ್ನು ನೇರವಾಗಿ ಹೇಳಿಕೊಳ್ಳಲಾಗದವರು ಧಾರಾವಾಹಿಯ ಅತ್ತೆಯ ಮೇಲೆ ತೀರ್ಪು ಕೊಡುವ ಮೂಲಕ ಹೇಳಿಕೊಳ್ಳುತ್ತಾರೆ. ಇಂಥ ಹರಟೆಯನ್ನು ಹೊತ್ತುಹೋಗದವರ ಕೆಲಸವೆಂದು ತಳ್ಳಿಹಾಕುವವರು ಇದನ್ನು ಗಮನಿಸಿಲ್ಲವೆಂದೇ ಹೇಳಬೇಕು.

ಹೀಗೆ ಖಳನ ದುಷ್ಟತನ ದಿನಬಳಕೆಯ ಉಪ್ಪಿನ ಅಳತೆಗೆ ಇಳಿದಾಗ ನಾವು ಎರಡನೆಯ ಬಗೆಯ ವಾದದ ಹೊಸ್ತಿಲಿಗೆ ಬಂದಿರುತ್ತೇವೆ. ಕ್ಷುಲ್ಲಕ ವಿಷಯಗಳ ಮೇಲೆ ಚರ್ಚೆ ಬೆಳೆಯುವುದಕ್ಕೆ ಬ್ರಿಟನ್ನಿನ ಲೇಖಕ ನಾರ್ತ್‌ಕೋಟ್ ಪಾರ್ಕಿನ್ಸನ್ 1957ರಲ್ಲಿ ಕೊಟ್ಟ ವಿವರಣೆ ಪ್ರಸಿದ್ಧವಾಗಿದೆ. ಅವರು ಕಲ್ಪಿಸಿದ ಹಣಕಾಸು ಸಮಿತಿಯೊಂದು ಒಂದು ಕೋಟಿ ಪೌಂಡಿನ ಪರಮಾಣು ಸ್ಥಾವರಕ್ಕೆ ಎರಡೂವರೆ ನಿಮಿಷಗಳಲ್ಲಿ ಒಪ್ಪಿಗೆ ಕೊಡುತ್ತದೆ; ನೌಕರರ ಸೈಕಲ್ ನಿಲ್ಲಿಸುವ 350 ಪೌಂಡಿನ ಮಾಡಿನ ಬಗ್ಗೆ ಮುಕ್ಕಾಲು ಗಂಟೆ ಚರ್ಚಿಸುತ್ತದೆ; ಸಭೆಯ ಕಾಫಿಯ ಖರ್ಚಿಗೆ ಇನ್ನೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಸ್ಥಾವರದ ಬಗ್ಗೆ ಯಾರಿಗೂ ಗೊತ್ತಿಲ್ಲ, ಆದ್ದರಿಂದ ಮಾತಿಲ್ಲ. ಮಾಡಿನ ಬಗ್ಗೆ ಎಲ್ಲರಿಗೂ ಗೊತ್ತು. ಕಾಫಿಯ ಬಗ್ಗೆ ಪ್ರತಿಯೊಬ್ಬನೂ ಪಂಡಿತ. ನಮ್ಮೂರಿನ ಯಾವುದೇ ಯುವಕ ಮಂಡಲದ ವಾರ್ಷಿಕೋತ್ಸವದ ತಯಾರಿಯ ಸಭೆಯಲ್ಲಿ ಇದನ್ನು ಕಾಣಬಹುದು. ಕಟ್ಟಡದ ಸಾಲದ ಲೆಕ್ಕ ಓದಿದ ಕೂಡಲೇ ಮಂಜೂರು. ಸಂಜೆಯ ಚಹಾಕ್ಕೆ ಗೋಳಿಬಜೆಯೋ ಬನ್ಸೋ ಎಂಬುದಕ್ಕೆ ಅರ್ಧ ಸಂಜೆ.

ಪಾರ್ಕಿನ್ಸನ್ ಇದನ್ನು ಆಡಳಿತದ ದೋಷವೆಂದು ತೋರಿಸಿದರು, ಸಮಿತಿಗಳ ಮಟ್ಟಿಗೆ ಅದು ದೋಷವೇ ಹೌದು. ಆದರೆ ಗೆಳೆಯರ ನಡುವಿನ ಮಾತಿಗೆ ಅದೇ ಗುಣ ವರವಾಗುತ್ತದೆ ಎಂಬುದನ್ನು ಅವರು ವಿಚಾರಿಸಲಿಲ್ಲ. ಗೋಳಿಬಜೆಯ ವಾದದಲ್ಲಿ ಎಂಟು ವರ್ಷದ ಹುಡುಗಿಗೂ ಎಂಬತ್ತರ ಅಜ್ಜನಿಗೂ, ಡಾಕ್ಟರಿಗೂ ರಿಕ್ಷಾ ಚಾಲಕನಿಗೂ ಸಮನಾದ ಅಧಿಕಾರವಿದೆ. ವಿದ್ಯೆ, ಅಂತಸ್ತು, ವಯಸ್ಸುಗಳ ಏಣಿಯಿಲ್ಲದೆ ಎಲ್ಲರೂ ಒಂದೇ ನೆಲದ ಮೇಲೆ ನಿಂತು ವಾದಿಸಬಹುದಾದ ಜಾಗಗಳು ನಮ್ಮ ಬದುಕಿನಲ್ಲಿ ಎಷ್ಟಿವೆ?

ಕೋರಿರೊಟ್ಟಿಯ ವಾದವನ್ನೇ ಹತ್ತಿರದಿಂದ ನೋಡೋಣ. ಈ ರೊಟ್ಟಿ ಅಕ್ಕಿಯ ಹಿಟ್ಟನ್ನು ಕಾಗದದಷ್ಟು ತೆಳ್ಳಗೆ ಹರಡಿ, ಬೇಯಿಸಿ, ನೀರಿನಂಶ ಉಳಿಯದಂತೆ ಒಣಗಿಸಿದ ಹಾಳೆ. ಒಣಗಿದ ಪಿಷ್ಟ ಗಾಜಿನಂತೆ ಬಿರುಸಾಗಿರುತ್ತದೆ. ಆದ್ದರಿಂದ ಮುರಿದಾಗ ಚಟ್ ಎನ್ನುತ್ತದೆ. ತೆಂಗಿನಕಾಯಿ, ಒಣಮೆಣಸು ಅರೆದು ಕುದಿಸಿದ ಗಸಿ ಅದರ ಮೇಲೆ ಬಿದ್ದ ಕೂಡಲೇ ಪಿಷ್ಟ ನೀರನ್ನು ಹೀರತೊಡಗುತ್ತದೆ, ಬಿರುಸು ಹೋಗಿ ರಬ್ಬರಿನಂಥ ಮೆತುತನ ಬರುತ್ತದೆ, ಇನ್ನೂ ಬಿಟ್ಟರೆ ಅದು ಗಸಿಯೊಡನೆ ಒಂದಾಗುತ್ತದೆ. ಗರಿಗರಿ ಪಕ್ಷದವರು ಸದ್ದನ್ನೂ ಹಲ್ಲಿಗೆ ಸಿಗುವ ಪ್ರತಿರೋಧವನ್ನೂ ಬಯಸುತ್ತಾರೆ. ನೆನೆಸುವ ಪಕ್ಷದವರು ಒಂದೊಂದು ತುತ್ತಿನಲ್ಲಿಯೂ ಹೀರಿಕೊಂಡ ಗಸಿಯನ್ನು ಬಯಸುತ್ತಾರೆ. ಇಬ್ಬರೂ ತಿನ್ನುತ್ತಿರುವುದು ಒಂದೇ ವಸ್ತುವಿನ ಎರಡು ಸ್ಥಿತಿಗಳನ್ನು, ಮತ್ತು ಅವುಗಳ ನಡುವೆ ಇರುವುದು ಕೆಲವೇ ನಿಮಿಷಗಳು. ಪೂರ್ತಿ ನೆನೆಯದೆ ಅಂಚು ಮಾತ್ರ ಗರಿಗರಿಯಾಗಿ ಉಳಿದ ನಡುವಿನ ಸ್ಥಿತಿಯೇ ಅತ್ಯುತ್ತಮ ಎಂಬ ಮೂರನೆಯ ಪಕ್ಷವೊಂದಿದೆ. ನಾನು ಆ ಪಕ್ಷದವನು.

ಕುಚ್ಚಲಕ್ಕಿಯೋ ಬೆಳ್ತಿಗೆಯೋ (ಬೇಯಿಸದ ಭತ್ತದ ಬಿಳಿ ಅಕ್ಕಿಯೋ) ಎಂಬ ವಾದದ ಕೆಳಗೂ ಇಂಥದೇ ಗಟ್ಟಿಯಾದ ನೆಲವಿದೆ. ಕುಚ್ಚಲಕ್ಕಿಗಾಗಿ ಭತ್ತವನ್ನು ಹೊಟ್ಟಿನ ಸಮೇತ ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡುತ್ತಾರೆ. ಹಾಗೆ ಬೇಯುವಾಗ ತವುಡಿನಲ್ಲಿರುವ ಥಯಾಮಿನ್ ಮೊದಲಾದ ಬಿ ಜೀವಸತ್ವಗಳ ಒಂದು ಭಾಗ ಕಾಳಿನ ಒಳಕ್ಕೆ ಇಳಿಯುತ್ತದೆ. ಮಿಲ್ಲಿನಲ್ಲಿ ತವುಡು ಹೋದರೂ ಅದು ಉಳಿಯುತ್ತದೆ. ಪಿಷ್ಟವೂ ಒಮ್ಮೆ ಬೆಂದು ಗಟ್ಟಿಯಾಗಿರುವುದರಿಂದ ಅಗುಳು ಅಂಟಿಕೊಳ್ಳುವುದಿಲ್ಲ, ಬೇಯಲು ಹೆಚ್ಚು ಹೊತ್ತು ಬೇಕು, ಗಂಜಿಗೆ ಬೇರೆಯೇ ಸ್ವಾದ ಬರುತ್ತದೆ. ರುಚಿಯ ವಾದವೆಂದರೆ ಬರಿಯ ಇಷ್ಟಾನಿಷ್ಟ, ಅದರಲ್ಲಿ ಸರಿತಪ್ಪಿಲ್ಲ ಎಂದು ಹೇಳುವವರಿಗೆ 1757ರಲ್ಲಿಯೇ ಡೇವಿಡ್ ಹ್ಯೂಮ್ ಉತ್ತರ ಕೊಟ್ಟಿದ್ದಾನೆ. ಡಾನ್ ಕ್ವಿಕ್ಸೋಟನ ಸೇವಕ ಸಾಂಚೋ ಹೇಳುವ ಕಥೆಯೊಂದನ್ನು ಅವನು ನೆನಪಿಸುತ್ತಾನೆ: ಸಾಂಚೋನ ಇಬ್ಬರು ಬಂಧುಗಳು ದ್ರಾಕ್ಷಾರಸವನ್ನು ಸವಿದು, ಒಬ್ಬ ತುಸು ಚರ್ಮದ ರುಚಿಯಿದೆ ಎಂದ, ಇನ್ನೊಬ್ಬ ತುಸು ಕಬ್ಬಿಣದ ರುಚಿಯಿದೆ ಎಂದ. ಜನ ಇಬ್ಬರನ್ನೂ ನೋಡಿ ನಕ್ಕರು. ಪೀಪಾಯಿ ಬರಿದಾದಾಗ ತಳದಲ್ಲಿ ಚರ್ಮದ ಪಟ್ಟಿ ಕಟ್ಟಿದ ಹಳೆಯ ಬೀಗದಕೈ ಸಿಕ್ಕಿತು. ಸೂಕ್ಷ್ಮವಾದ ನಾಲಿಗೆ ವಸ್ತುವಿನಲ್ಲಿ ನಿಜವಾಗಿ ಇರುವುದನ್ನೇ ಹಿಡಿಯುತ್ತದೆ. ಯಾವುದನ್ನು ಮೆಚ್ಚಬೇಕೆಂಬುದು ಆಮೇಲಿನ ಮಾತು.

ಎರಡು ಲೋಕಗಳನ್ನು ಬೆರೆಸುವ ಮೂರನೆಯ ಬಗೆಯ ವಾದವೂ ಇದೆ, ಮತ್ತು ಅತಿ ಹೆಚ್ಚು ನಗು ಹುಟ್ಟುವುದು ಅಲ್ಲಿಯೇ. ಕೆಸುವಿನ ಎಲೆಯ ಪತ್ರೊಡೆಗೆ ಹುಣಸೆಹುಳಿ ಹಾಕದವನು ಕಂಸನಿಗಿಂತ ಕ್ರೂರಿ, ಬನ್ಸಿಗೆ ಚಟ್ನಿ ಕೇಳಿದರೆ ಇಲ್ಲವೆಂದವನಿಗೆ ನರಕದಲ್ಲಿಯೂ ಜಾಗವಿಲ್ಲ ಎಂಬಂಥ ಮಾತುಗಳು ಈ ಜಾತಿಯವು. 2010ರಲ್ಲಿ ಪೀಟರ್ ಮೆಕ್‌ಗ್ರಾ ಮತ್ತು ಕೇಲೆಬ್ ವಾರೆನ್ ಎಂಬ ಸಂಶೋಧಕರು ಮಂಡಿಸಿದ ಸಿದ್ಧಾಂತದಂತೆ, ಒಂದು ಸಂಗತಿ ನಿಯಮಭಂಗವಾಗಿಯೂ ಅದೇ ಕ್ಷಣದಲ್ಲಿ ನಿರಪಾಯವಾಗಿಯೂ ಕಂಡಾಗ ನಗು ಹುಟ್ಟುತ್ತದೆ. ಶಿಶುಹತ್ಯೆಯ ಪಕ್ಕದಲ್ಲಿ ಹುಣಸೆಹುಳಿಯನ್ನು ಇಡುವುದು ಅಳತೆಯ ನಿಯಮವನ್ನು ಮುರಿದಂತೆ. ಆದರೆ ಕಂಸನ ಕಥೆ ಎಂದೋ ಮುಗಿದಿದೆ, ಪತ್ರೊಡೆ ಹೇಗೂ ಖಾಲಿಯಾಗುತ್ತದೆ. ವ್ಯಾಸಭಾರತಕ್ಕೂ ಈ ಬೆರಕೆಯ ರುಚಿ ಗೊತ್ತಿತ್ತು. ಏಕಚಕ್ರದ ಬಕಾಸುರನಿಗೆ ಗೊತ್ತಾಗಿದ್ದ ಪಾಲು ಒಂದು ಬಂಡಿ ಅನ್ನ, ಎರಡು ಕೋಣ, ಅವನ್ನು ತಂದ ಮನುಷ್ಯ. ಭೀಮ ಆ ಅನ್ನವನ್ನು ತಾನೇ ಉಣ್ಣತೊಡಗುತ್ತಾನೆ. ಬಕ ಬಂದು ಎರಡೂ ಕೈಗಳಿಂದ ಬೆನ್ನಿಗೆ ಗುದ್ದುತ್ತಾನೆ. ಭೀಮ ತಿರುಗಿಯೂ ನೋಡದೆ ಉಣ್ಣುತ್ತಲೇ ಇರುತ್ತಾನೆ. ಬಕ ಮರ ಕಿತ್ತು ತರುವಷ್ಟರಲ್ಲಿ ಊಟ ಮುಗಿಸಿ, ಕೈತೊಳೆದು, ಆಮೇಲೆ ಯುದ್ಧಕ್ಕೆ ನಿಲ್ಲುತ್ತಾನೆ. ಊರನ್ನೇ ನುಂಗುತ್ತಿದ್ದ ಕ್ರೌರ್ಯವೂ ಹಸಿದವನ ತುತ್ತೂ ಒಂದೇ ಚಿತ್ರದಲ್ಲಿ ಕೂತಿವೆ.

ಈ ಹಗುರತೆಗೆ ಗಡಿಗಳಿವೆ. ವಾದದ ಪಕ್ಷಗಳು ಬೇಗ ಬಳಗಗಳಾಗುತ್ತವೆ. 1970ರ ಸುಮಾರಿಗೆ ಹೆನ್ರಿ ತಾಜ್‌ಫೆಲ್ ಬ್ರಿಸ್ಟಲ್ ನಗರದ ಶಾಲಾ ಹುಡುಗರನ್ನು, ಇಬ್ಬರು ಚಿತ್ರಕಾರರಲ್ಲಿ ಯಾರ ಚಿತ್ರ ಇಷ್ಟ ಎಂಬ ನೆಪದಲ್ಲಿ, ನಿಜಕ್ಕೂ ಮನಬಂದಂತೆ, ಎರಡು ಗುಂಪು ಮಾಡಿದರು. ಅಷ್ಟಕ್ಕೇ ಹುಡುಗರು ಹಣ ಹಂಚುವಾಗ ತಮ್ಮ ಗುಂಪಿನ ಪರ ವಾಲಿದರು. ತಮ್ಮ ಗುಂಪಿಗೆ ಬರುವುದು ಕಡಿಮೆಯಾದರೂ ಸರಿ, ಎದುರಿನವರಿಗಿಂತ ಅಂತರ ಹೆಚ್ಚಿರಲಿ ಎಂಬ ಆಯ್ಕೆಯತ್ತಲೂ ಒಲವು ತೋರಿದರು. ನಮ್ಮ ಕರಾವಳಿಯಲ್ಲಿ ಊಟದ ಮಾತು ಜಾತಿ, ಮತಗಳ ಮಾತಿನಿಂದ ಒಂದು ಹೆಜ್ಜೆಯಷ್ಟೇ ದೂರ. ಬಂಗುಡೆ ರುಚಿಯೋ ಬೂತಾಯಿ ರುಚಿಯೋ ಎಂದು ಮೀನು ತಿನ್ನುವವರು ತಮ್ಮೊಳಗೆ ಜಗಳವಾಡಿದರೆ ಅದು ಹರಟೆ. ಮೀನು ತಿನ್ನುವವರಿಗೆ ಬಾಡಿಗೆ ಮನೆ ಕೊಡುವುದಿಲ್ಲ ಎಂದು ಹೇಳುವ ಊರಿನಲ್ಲಿ ಅದೇ ಮೀನಿನ ವಾಸನೆಯ ಬಗ್ಗೆ ಆಡುವ ತಮಾಷೆ ಹರಟೆಯಾಗಿ ಉಳಿಯುವುದಿಲ್ಲ, ಏಕೆಂದರೆ ಅಲ್ಲಿ ತೀರ್ಪಿನಿಂದ ಯಾರಿಗೋ ನಷ್ಟವಿದೆ. ಖಳರ ಚರ್ಚೆಗೂ ಇದೇ ಮಾತು. ಪುರಾಣದ ಪಾತ್ರಗಳನ್ನು ಬರಿಯ ಕಲ್ಪನೆಯೆಂದು ಎಲ್ಲರೂ ಒಪ್ಪುವುದಿಲ್ಲ; ಮಹಿಷನನ್ನು, ರಾವಣನನ್ನು ಗೌರವದಿಂದ ಕಾಣುವವರು ನಮ್ಮ ನಾಡಿನಲ್ಲಿಯೇ ಇದ್ದಾರೆ. ಕಥೆಯ ಅಸುರನ ಹೆಸರನ್ನು ಬದುಕಿರುವ ಒಂದು ಜನವರ್ಗಕ್ಕೆ ಅಂಟಿಸಿದ ಕ್ಷಣದಲ್ಲಿ ಅಥವಾ ಕೀಚಕನ ಬಗೆಗಿನ ನಗೆಮಾತನ್ನು ಅಂಥದೇ ನೋವುಂಡವರ ಎದುರಿನಲ್ಲಿ ಆಡಿದ ಕ್ಷಣದಲ್ಲಿ, ಆಟದ ರಂಗಸ್ಥಳ ಮುಗಿದು ಬೀದಿ ಶುರುವಾಗಿರುತ್ತದೆ. ಅಲ್ಲಿ ನಿಲ್ಲಿಸುವುದು ತಿಳಿದವರ ಲಕ್ಷಣ.

ತಾಳಮದ್ದಳೆಯವರು ಪಕ್ಷಗಳು ಗಟ್ಟಿಯಾಗದಂತೆ ಒಂದು ಕ್ರಮವನ್ನು ಇಟ್ಟುಕೊಂಡಿದ್ದಾರೆ: ನಿನ್ನೆ ರಾಮನ ಅರ್ಥ ಹೇಳಿದವರು ನಾಳೆ ವಾಲಿಯ ಅರ್ಥಕ್ಕೆ ಕೂರಬಹುದು. ಖಳನ ಪರವಾದ ವಾದ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಕೇಳಬೇಕೆಂದಿರುವವರು ವಾಲಿಮೋಕ್ಷದ ಕೂಟದಿಂದ ಆರಂಭಿಸುವುದು ಒಳ್ಳೆಯದು. ಬಾಣ ತಗುಲಿ ಬಿದ್ದ ವಾಲಿಯ ಪ್ರಶ್ನೆಗಳ ಬೇರು ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿದೆ: ನಾನು ನಿನಗೇನು ಮಾಡಿದ್ದೆ, ಬೇರೊಬ್ಬನೊಡನೆ ಹೋರಾಡುತ್ತಿದ್ದವನಿಗೆ ಮರೆಯಿಂದ ಏಕೆ ಹೊಡೆದೆ, ಕಪಿಯ ಮಾಂಸವನ್ನು ಯಾರೂ ತಿನ್ನುವುದಿಲ್ಲವಲ್ಲ, ನನ್ನನ್ನೇ ಕೇಳಿದ್ದರೆ ಒಂದೇ ದಿನದಲ್ಲಿ ಸೀತೆಯನ್ನು ತಂದುಕೊಡುತ್ತಿದ್ದೆನಲ್ಲ. ರಾಮನ ಕೈಯಲ್ಲಿ ಮೂರು ಉತ್ತರಗಳಿವೆ. ಈ ಭೂಮಿ ಇಕ್ಷ್ವಾಕುಗಳದ್ದು, ಭರತನ ಆಳ್ವಿಕೆಯಲ್ಲಿ ಶಿಕ್ಷಿಸುವ ಅಧಿಕಾರ ನನಗಿದೆ. ಬದುಕಿರುವ ತಮ್ಮನ ಹೆಂಡತಿ ರುಮೆಯನ್ನು ನೀನು ಇಟ್ಟುಕೊಂಡೆ. ಮೃಗವನ್ನು ಮರೆಯಿಂದ ಬೇಟೆಯಾಡುವುದು ಅರಸರಿಗೆ ಸಲ್ಲುತ್ತದೆ. ಎರಡನೆಯ ಉತ್ತರ ವಾಲಿಯನ್ನು ಧರ್ಮಕ್ಕೆ ಹೊಣೆಗಾರನಾದ ವ್ಯಕ್ತಿಯೆಂದು ಕಾಣುತ್ತದೆ, ಮೂರನೆಯದು ಬರಿಯ ಮೃಗವೆಂದು. ರಾಮನ ಅರ್ಥಧಾರಿ ಎರಡನ್ನೂ ಹಿಡಿದುಕೊಂಡರೆ ವಾಲಿಯ ಅರ್ಥಧಾರಿ ಆ ಬಿರುಕಿನೊಳಕ್ಕೆ ನುಗ್ಗುತ್ತಾರೆ. ಆದ್ದರಿಂದ ಯಾವ ಉತ್ತರವನ್ನು ಅವರು ಮೊದಲು ಎತ್ತಿಕೊಳ್ಳುತ್ತಾರೆ, ಯಾವುದನ್ನು ಸದ್ದಿಲ್ಲದೆ ಕೈಬಿಡುತ್ತಾರೆ ಎಂಬುದರ ಮೇಲೆ ಕಿವಿಯಿಡಬೇಕು.